ಗ್ರೇಲಿಂಗರ ಕೊನೆಯ ಚೀಟಿ

ಮೂವತ್ತೊಂದು ವರ್ಷ ಅಚ್ಚಿನ ಮೊಳೆ ಜೋಡಿಸಿದ್ದೇನೆ, ಒಂದು ಅಲ್ಪವಿರಾಮವನ್ನೂ ಸ್ವಂತ ಬುದ್ಧಿಯಿಂದ ಹಾಕಿದವನಲ್ಲ. ಬರೆದವರು ಕತ್ತೆಗೆ ಕೊಂಬಿದೆ ಅಂತ ಬರೆದರೆ ಕೊಂಬಿರುವ ಕತ್ತೆಯನ್ನೇ ಜೋಡಿಸಿ ಕೊಟ್ಟಿದ್ದೇನೆ. ಬಾಲ್ಟಿಮೋರಿನ ಯಾವ ಅಚ್ಚುಕೂಟಕ್ಕೆ ಬೇಕಾದರೂ ಹೋಗಿ ಜೆರಮ್ ಪಿಂಕ್ನಿ ಹೇಗೆ ಅಂತ ಕೇಳಿ ನೋಡಿ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ, ಆದರೆ ಕೈ ಶುದ್ಧ ಅಂತಾರೆ. ಅಂಥ ನಾನು ಆ ಮಂಗಳವಾರ ಮಾಡಿದ ಕೆಲಸವಿದೆಯಲ್ಲ, ಅದನ್ನು ಇವತ್ತು ಹೇಳಿಬಿಡುತ್ತೇನೆ. ಎಷ್ಟು ದಿನ ಅಂತ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿ?

ಮೊದಲು ನಮ್ಮ ಪದ್ಧತಿ ಹೇಳಬೇಕು. ಕೈಬರಹ ಬಂದ ಕೂಡಲೇ ನಮ್ಮ ಫೋರ್ಮನ್ ಬಕ್ಲರ್ ಕತ್ತರಿ ತೆಗೆದುಕೊಂಡು ಅದನ್ನು ಚೀಟಿ ಚೀಟಿ ಮಾಡಿ, ನಂಬರು ಹಾಕಿ, ಎಂಟು ಜನಕ್ಕೆ ಹಂಚುತ್ತಾರೆ. ಒಬ್ಬನೇ ಜೋಡಿಸಿದರೆ ಎರಡು ದಿನ ಹಿಡಿಯುವ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ಪಾದ್ರಿಗಳ ಉಪದೇಶಕ್ಕೆ, ಹ್ಯಾಟಿನ ಜಾಹೀರಾತಿಗೆ ಈ ಪದ್ಧತಿ ಬಹಳ ಸೊಗಸು. ಆದರೆ ಲೆಮ್ಯುಯಲ್ ಗ್ರೇಲಿಂಗರ ಕಥೆ ಬಂತೆಂದರೆ ಪ್ರಾಣಸಂಕಟ. ನಿಮ್ಮ ಚೀಟಿ ‘ಆಗ ಗೋಡೆಯ ಒಳಗಿನಿಂದ’ ಎಂಬಲ್ಲಿಗೆ ಮುಗಿದಿರುತ್ತದೆ. ಗೋಡೆಯ ಒಳಗಿನಿಂದ ಏನು? ಅದು ಪಕ್ಕದವನ ಚೀಟಿಯಲ್ಲಿದೆ. ಅವನು ಹೇಳುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಕೂತಾಗ ನಿಮ್ಮ ಜೋಳದ ರೊಟ್ಟಿಯಲ್ಲಿ ಅರ್ಧ ಕಿತ್ತುಕೊಂಡು ಆಮೇಲೆ ಹೇಳುತ್ತಾನೆ.

ಗ್ರೇಲಿಂಗರ ಬಗ್ಗೆ ಊರಲ್ಲಿ ಏನೇನೋ ಮಾತು. ಸ್ಮಶಾನದಲ್ಲಿ ಮಲಗುತ್ತಾರೆ, ತಲೆಬುರುಡೆಯಲ್ಲಿ ಕಾಫಿ ಕುಡಿಯುತ್ತಾರೆ, ಇನ್ನೂ ಏನೇನೋ. ಸುಳ್ಳು. ಹುಟ್ಟಿದ್ದು ಹಡಗಿನಲ್ಲಿ, ಬೆಳೆದದ್ದು ಚಿಕ್ಕಪ್ಪನ ಶವಪೆಟ್ಟಿಗೆ ಅಂಗಡಿಯಲ್ಲಿ, ಅದು ನಿಜ. ಮಿಕ್ಕಂತೆ ಬೀದಿಯಲ್ಲಿ ಹೆಬ್ಬಾತು ಕಂಡರೆ ಹೆದರಿ ಆಚೆ ಬದಿಗೆ ದಾಟುವ ಮನುಷ್ಯ. ಒಂದೇ ಕರೀ ಕೋಟು, ತೋಳಿಗೆ ಎರಡು ತೇಪೆ. ಆದರೆ ಬರೆದರೆ? ಮುಳುಗಿಹೋದ ಗಂಟೆಯ ಮೇಲೆ ಅವರು ಕಟ್ಟಿದ ಪದ್ಯವನ್ನು ಬಂದರಿನಲ್ಲಿ ಸಿಂಪಿ ಮಾರುವ ಹೆಂಗಸರೂ ಬಾಯಿಪಾಠ ಹೇಳುತ್ತಾರೆ. ‘ಉಪ್ಪಿನ ಮನೆ’ ಎಂಬ ಕಥೆ ಜೋಡಿಸಿದ ಮೇಲೆ ನಮ್ಮ ಫೆಲಿಮ್, ಆರಡಿ ಎತ್ತರದ ಐರಿಶ್ ಆಸಾಮಿ, ಒಂದು ತಿಂಗಳು ತನ್ನ ಮನೆಯ ನೆಲಮಾಳಿಗೆಗೆ ಇಳಿಯಲಿಲ್ಲ. ಆಲೂಗಡ್ಡೆ ತರಲು ಹೆಂಡತಿಯನ್ನೇ ಕಳಿಸುತ್ತಿದ್ದ.

ಸೋಮವಾರ ಅವರ ಹೊಸ ಕಥೆ ಬಂತು. ಹೆಸರು ‘ಹದಿಮೂರು ಮೆಟ್ಟಿಲು’. ಬಕ್ಲರ್ ಕತ್ತರಿ ಆಡಿಸುವಾಗ ನಾವೆಲ್ಲ ಸುತ್ತ ನಿಂತು ಬಾಯಲ್ಲಿ ನೀರು ಸುರಿಸುತ್ತಿದ್ದೆವು. ಜೌಗು ನೆಲದ ಪಕ್ಕ ಒಂದು ಮನೆ. ಮಹಡಿಗೆ ಹದಿಮೂರು ಮೆಟ್ಟಿಲು. ಮಹಡಿಯ ಕೋಣೆಯಲ್ಲಿ ಕಾಯಿಲೆಯ ಹೆಂಡತಿ, ಕೆಳಗೆ ಓದಿಕೊಂಡು ಕೂತ ಗಂಡ. ಒಂದು ಸಂಜೆ ಔಷಧ ಕೊಡಲು ಹತ್ತುತ್ತಾನೆ, ಎಣಿಸಿದರೆ ಹದಿನಾಲ್ಕು. ಮರುದಿನ ಹದಿನೈದು. ದಿನಾ ಒಂದೊಂದು ಮೆಟ್ಟಿಲು ಬೆಳೆಯುತ್ತದೆ, ಅವಳ ಕೋಣೆ ದಿನಾ ಒಂದು ಮೆಟ್ಟಿಲಷ್ಟು ದೂರ ಹೋಗುತ್ತದೆ. ಇಷ್ಟು ನಮಗೆ ಗೊತ್ತಾದದ್ದು ಪಕ್ಕದ ಡೆಸ್ಕಿನ ಕೆಜಾಯಳಿಂದ. ಆಕೆ ವಿಧವೆ, ನಮ್ಮಲ್ಲಿ ಮೊಳೆ ಜೋಡಿಸುವ ಒಬ್ಬಳೇ ಹೆಂಗಸು, ಮೊದಲನೇ ಚೀಟಿ ಅವಳದು.

"ನನ್ನ ಚೀಟೀಲಿ ಅರವತ್ತು ದಾಟಿದಾನೆ ಕಣ್ರೋ," ಅಂದ ಫೆಲಿಮ್. "ಮೇಲಿಂದ ಅವಳು ಕೂಗ್ತಿದಾಳೆ, ಇವನಿಗೆ ಕೇಳಿಸ್ತಿದೆ, ಕಾಲು ಎತ್ತಕ್ಕಾಗ್ತಿಲ್ಲ. ಆಮೇಲೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಕೊನೆಯ ಚೀಟಿ ನನ್ನದು.

"ಆಮೇಲೆ ನೀನು ನಿನ್ನ ಕೆಲಸ ನೋಡು," ಅಂದೆ. ಆ ದಿನ ನನ್ನಷ್ಟು ಸುಖಿ ಬಾಲ್ಟಿಮೋರಿನಲ್ಲಿ ಯಾರೂ ಇರಲಿಲ್ಲ. ಅವರು ರೊಟ್ಟಿ ಕೊಟ್ಟರೂ ಹೇಳಲಿಲ್ಲ, ಬೈದರೂ ಹೇಳಲಿಲ್ಲ.

ನಿಮಗೆ ಹೇಳುತ್ತೇನೆ. ಗಂಡ ರಾತ್ರಿಯೆಲ್ಲ ಹತ್ತುತ್ತಾನೆ. ಆಮೇಲೆ ಹೀಗಿತ್ತು: ‘ಬೆಳಕು ಹರಿಯುವ ಹೊತ್ತಿಗೆ ಬಾಗಿಲು ಸಿಕ್ಕಿತು. ಹೊದಿಕೆ ಒಂದಿಷ್ಟೂ ಸುಕ್ಕಾಗಿರಲಿಲ್ಲ. ಅವಳ ಕೈ ತಣ್ಣಗಿತ್ತು. ನಾನು ಎಣಿಸುತ್ತ ಕೆಳಗಿಳಿದೆ. ಹದಿಮೂರು ಮೆಟ್ಟಿಲು. ಹದಿಮೂರೇ ಇದ್ದವು.’ ಅಷ್ಟೇ. ಇದನ್ನು ಎರಡು ಸಲ ಓದಿಕೊಂಡು ಜೋಡಿಸಿದೆ. ಆ ಚೀಟಿ ಬೇರೆ ಬೆರಳಿಗೆ ಅಂಟುತ್ತಿತ್ತು. ಮೂಲೆಯಲ್ಲಿ ಕಂದು ಬಣ್ಣದ ಕಲೆ, ಮೂಸಿದರೆ ಕೆಮ್ಮಿನ ಕಷಾಯದ ವಾಸನೆ. ಈ ಕವಿಗಳು ಎಲ್ಲಿಟ್ಟುಕೊಂಡು ಬರೆಯುತ್ತಾರೋ ಏನೋ ಅಂತ ಬೈದುಕೊಂಡು ಮುಂದೆ ಹೋದೆ.

ಮಂಗಳವಾರ ಬೆಳಗ್ಗೆ ಪ್ರೂಫ್ ನೋಡಲು ಗ್ರೇಲಿಂಗ್ ಬಂದರು. ಪ್ರೂಫಿನ ಜೊತೆಗೆ ಕತ್ತರಿಸಿದ ಚೀಟಿಗಳನ್ನೂ ಕೊಡುವುದು ಪದ್ಧತಿ, ಬರೆದವರು ಎರಡನ್ನೂ ತಾಳೆ ನೋಡಲಿ ಅಂತ. ಕಿಟಕಿಯ ಹತ್ತಿರ ಕೂತು ಓದುತ್ತಿದ್ದರು. ತಮ್ಮ ಸಾಲಿಗೆ ತಾವೇ ತಲೆದೂಗುವುದು, ತೊಡೆ ತಟ್ಟಿಕೊಳ್ಳುವುದು, ಖುಷಿಯೋ ಖುಷಿ.

"ಪಿಂಕ್ನಿ, ಒಂದು ತಪ್ಪೂ ಇಲ್ಲವಲ್ರೀ," ಅಂದರು.

"ನನ್ನ ಹತ್ರ ತಪ್ಪು ಹುಡುಕೋಕೆ ನೀವು ಇನ್ನೊಂದು ಜನ್ಮ ಎತ್ತಬೇಕು ಸ್ವಾಮಿ," ಅಂದೆ.

ನಗುತ್ತ ಕೊನೆಯ ಚೀಟಿ ಎತ್ತಿಕೊಂಡರು. ಬೆರಳಿಗೆ ಅಂಟಿತು. ಬಿಡಿಸಿಕೊಂಡರು, ಕಲೆ ನೋಡಿದರು, ಮೂಗಿನ ಹತ್ತಿರ ತಂದರು. ಮುಖದ ರಕ್ತವೆಲ್ಲ ಇಳಿದುಹೋಯಿತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಶಾಯಿ ಕೇಳಿದರು, ಒಂದು ಹಾಳೆ ಕೇಳಿದರು. ಬಗ್ಗಿ ಗೀಚತೊಡಗಿದರು. ಅವರು ಒಂದು ಸಾಲಿಗೆ ಹತ್ತು ಸಲ ಒದ್ದಾಡುವ ಮನುಷ್ಯ ಅಂತ ನಮಗೆಲ್ಲ ಗೊತ್ತು. ಅವತ್ತು ಮೂವತ್ತು ಸಾಲು ಒಂದೇ ಉಸಿರಿಗೆ ಬರೆದು ನನ್ನ ಕೈಗಿಟ್ಟರು.

"ಅಂತ್ಯ ಇದು. ಹಳೇದು ತೆಗೆದುಬಿಡಿ," ಅಂದವರೇ ಟೋಪಿ ಮರೆತು ಇಳಿದುಹೋದರು.

ಓದಿದೆ. ನನ್ನ ಮೈ ಉರಿದುಹೋಯಿತು. ಗಂಡ ಬಾಗಿಲು ತೆರೆಯುತ್ತಾನೆ, ಹೆಂಡತಿ ಎದ್ದು ಕೂತು ನಗುತ್ತಾಳೆ, ಮೆಟ್ಟಿಲೆಲ್ಲ ಬರೀ ಜ್ವರದ ಕನಸು. ಕಿಟಕಿಯಲ್ಲಿ ಗುಬ್ಬಚ್ಚಿಗಳು ಹಾಡುತ್ತವೆ. ಗುಬ್ಬಚ್ಚಿಗಳಂತೆ! ಗ್ರೇಲಿಂಗರ ಕಥೆಯಲ್ಲಿ!

"ಬಕ್ಲರ್, ಇದನ್ನ ನಾನು ಜೋಡಿಸಲ್ಲ," ಅಂದೆ.

ಫೋರ್ಮನ್ ಕನ್ನಡಕ ಮೇಲೆ ಸರಿಸಿದರು. "ಮೂವತ್ತು ವರ್ಷ ನೀನೇ ಎಲ್ಲರಿಗೂ ಪಾಠ ಹೇಳ್ತಿದ್ದೆ, ಬರೆದೋರ ಮಾತೇ ಮಾತು ಅಂತ. ಇವತ್ತು ನಿನಗೇನು ಬಂತು ಧಾಡಿ? ನಾಲ್ಕು ಗಂಟೆಗೆ ಪುಟ ಕೆಳಗೆ ಮೆಷಿನ್ನಿಗೆ ಹೋಗಬೇಕು. ಜೋಡಿಸು."

ನನ್ನ ಮಾತು ನನಗೇ ತಿರುಗಿತು. ಬೈದುಕೊಂಡೇ ಜೋಡಿಸಿದೆ, ಒಂದು ಗುಬ್ಬಚ್ಚಿಯನ್ನೂ ಬಿಡದೆ. ಹೊಸ ಸಾಲುಗಳು ಉದ್ದನೆಯ ತಗಡಿನ ತಟ್ಟೆಯಲ್ಲಿ ಕೂತವು. ಹಳೆಯ ಅಂತ್ಯ ಇನ್ನೂ ಪುಟದಲ್ಲೇ, ಕಲ್ಲಿನ ಮೇಜಿನ ಮೇಲೆ ಇತ್ತು. ಅದನ್ನು ಕಿತ್ತು ಇದನ್ನು ಕೂರಿಸುವುದಷ್ಟೇ ಬಾಕಿ. ನಾನು ಊಟ ಮಾಡಿದೆ, ಕೈ ತೊಳೆದೆ, ಮತ್ತೆ ತೊಳೆದೆ. ಮನಸ್ಸೇ ಬರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ನಮ್ಮದು ಮೂರನೇ ಮಹಡಿ, ಬೆಳಕು ಬೇಕಲ್ಲ ಅದಕ್ಕೆ. ಕೆಮ್ಮು ನಿಲ್ಲುತ್ತದೆ, ಎರಡು ಹೆಜ್ಜೆ, ಮತ್ತೆ ಕೆಮ್ಮು. ಕೊನೆಗೆ ಬಾಗಿಲಲ್ಲಿ ಒಬ್ಬ ಸಣ್ಣ ಹೆಂಗಸು ಚೌಕಟ್ಟು ಹಿಡಿದು ನಿಂತರು. ಮೈಯಲ್ಲಿ ಮಾಂಸವೇ ಇಲ್ಲ, ಕಣ್ಣು ಮಾತ್ರ ಹೊಳೆಯುತ್ತಿತ್ತು.

"ನಲವತ್ತೆರಡು," ಅಂದರು ಏದುಸಿರು ಬಿಡುತ್ತ. "ಎಣಿಸ್ಕೊಂಡೇ ಬಂದೆ. ನಾನು ಡೋರ್ಕಸ್ ಗ್ರೇಲಿಂಗ್. ನನ್ನ ಯಜಮಾನರ ಕಥೆ ಇಲ್ಲಿದೆಯಂತಲ್ಲ, ಅದರ ಕೊನೆ ಏನಾಯ್ತು ಅಂತ ಕೇಳೋಕೆ ಬಂದೆ."

ಕೆಜಾಯ ಓಡಿಹೋಗಿ ಸ್ಟೂಲು ತಂದಳು, ಫೆಲಿಮ್ ನೀರು ತಂದ. ಆಗ ಒಂದು ಮಜಾ ಆಯಿತು ನೋಡಿ. ಯಾರೂ ಹೇಳದಿದ್ದರೂ ಕೆಜಾಯ ತನ್ನ ಚೀಟಿಯ ಸಾಲುಗಳನ್ನು ಬಾಯಿಪಾಠ ಹೇಳತೊಡಗಿದಳು. ಒಂದೊಂದು ಅಕ್ಷರ ಕೈಯಿಂದ ಆರಿಸಿ ಜೋಡಿಸಿದ್ದು ಮರೆತುಹೋಗುತ್ತದೆಯೇ? ಅವಳದು ಮುಗಿದ ಕಡೆ ಪಕ್ಕದವನು ಹಿಡಿದ, ಅವನು ಬಿಟ್ಟ ಕಡೆ ಇನ್ನೊಬ್ಬ. ಏಳು ಡೆಸ್ಕು ದಾಟಿ ಕಥೆ ನನ್ನವರೆಗೆ ನಡೆದು ಬಂತು. ನಾವೂ ಅದನ್ನು ಇಡಿಯಾಗಿ ಕೇಳಿದ್ದು ಆಗಲೇ. ಫೆಲಿಮ್ ಅರವತ್ತನೇ ಮೆಟ್ಟಿಲು ಹತ್ತುವಾಗ ಅವನ ದನಿಯೇ ನಡುಗುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು.

ಸಾಯುವ ಹೆಂಗಸಿಗೆ ಸಾಯುವ ಹೆಂಗಸಿನ ಕಥೆ ಹೇಗೆ ಹೇಳಲಿ? ಕಲ್ಲಿನ ಮೇಜಿನ ಹತ್ತಿರ ಹೋಗಿ ಹಳೆಯ ಪುಟದ ಮೇಲೆ ಬೆರಳಿಟ್ಟೆ, ಬಾಯಲ್ಲಿ ಹೊಸದನ್ನು ಹೇಳಿದೆ. ಮೊಳೆಯಲ್ಲಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು, ಸಾಲುಗಳು ತಲೆಕೆಳಗು. ಹೊರಗಿನವರಿಗೆ ಅದು ಬರೀ ಸೀಸದ ರಾಶಿ. ನಾನು ಧೈರ್ಯವಾಗಿ ಬೆರಳು ಸರಿಸುತ್ತ, ಅವಳು ಎದ್ದು ಕೂತಳು, ನಕ್ಕಳು, ಗುಬ್ಬಚ್ಚಿಗಳು ಹಾಡಿದವು ಅಂತ ಓದಿದೆ.

ಡೋರ್ಕಸಮ್ಮ ಎದ್ದು ಬಂದು ನನ್ನ ಪಕ್ಕ ನಿಂತಿದ್ದರು. ನಾನು ಮುಗಿಸಿದ ಮೇಲೆ ಪುಟದ ಮೇಲೆ ಬಗ್ಗಿ ನೋಡಿದರು.

"ಪಿಂಕ್ನಿಯವರೇ, ನಮ್ಮಪ್ಪ ರಿಚ್ಮಂಡಿನಲ್ಲಿ ಅಚ್ಚುಕೂಟ ಇಟ್ಟಿದ್ರು," ಅಂದರು. "ನಾನು ಪುಸ್ತಕ ಓದೋಕೆ ಕಲಿಯೋ ಮೊದಲು ಮೊಳೆ ಓದೋಕೆ ಕಲಿತೆ. ನೀವು ಬೆರಳಿಟ್ಟಿರೋ ಕಡೆ ‘ಅವಳ ಕೈ ತಣ್ಣಗಿತ್ತು’ ಅಂತಿದೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ ತಪ್ಪು ಓದಿದ್ದೆ, ಹೊರಗಿನವರಲ್ಲಿ ಅದನ್ನು ಓದಬಲ್ಲ ಒಬ್ಬಳೇ ಹೆಂಗಸಿನ ಮುಂದೆ.

"ತಪ್ಪಾಯ್ತು ತಾಯಿ," ಅಂದೆ. "ಗುಬ್ಬಚ್ಚಿ ಇರೋದು ಆ ತಟ್ಟೇಲಿ. ಇವತ್ತು ಬೆಳಗ್ಗೆ ಯಜಮಾನರೇ ಬದಲಾಯಿಸಿ ಕೊಟ್ಟರು."

"ಗೊತ್ತು. ಅದಕ್ಕೇ ಬಂದೆ." ಅವರು ಮತ್ತೆ ಸ್ಟೂಲಿನ ಮೇಲೆ ಕೂತರು. "ಹನ್ನೊಂದು ವರ್ಷ ಅವನು ಬರೆದದ್ದನ್ನೆಲ್ಲ ಮೊದಲು ಕೇಳಿದೋಳು ನಾನು. ಇದೊಂದನ್ನ ಡ್ರಾಯರಿನಲ್ಲಿ ಮುಚ್ಚಿಟ್ಟ. ಅವನಿಲ್ಲದಾಗ ತೆಗೆದು ಓದಿದೆ, ಕಷಾಯ ಕುಡೀತಾ ಕುಡೀತಾ, ಕೊನೆ ಪುಟದ ಮೇಲೆ ಚೆಲ್ಲಿಬಿಟ್ಟೆ. ಒರೆಸಿ ಇಟ್ಟೆ, ಕಲೆ ಹೋಗಲಿಲ್ಲ. ಅದನ್ನ ಕಂಡೇ ನಾನು ಓದಿದೀನಿ ಅಂತ ಅವನಿಗೆ ಗೊತ್ತಾಗಿರಬೇಕು. ಇವತ್ತು ಬೆಳಗ್ಗೆ ಮನೆಗೆ ಓಡಿಬಂದು, ನಾನು ಕೇಳದೇ ಇದ್ರೂ, ‘ಕಥೇಲಿ ಅವಳು ಬದುಕ್ತಾಳೆ ಡೋರ್ಕಸ್’ ಅಂದ. ಕೈಯಲ್ಲಿ ಹೂವು ಬೇರೆ. ಡಾಕ್ಟರು ನೀವು ಸುಧಾರಿಸ್ತಿದೀರಿ ಅಂತಾರೆ. ಪಕ್ಕದ ಮನೆಯವರು ಬಣ್ಣ ಬಂದಿದೆ ಅಂತಾರೆ. ಅವನೂ ದಿನಾ ಮುಖ ನೋಡಿ ಹಾಗೇ ಅಂತಾನೆ. ನನ್ನ ಕೋಣೆ ದಿನಾ ಒಂದು ಮೆಟ್ಟಿಲು ದೂರ ಹೋಗ್ತಿದೆ, ತನಗೆ ಮುಟ್ಟಕ್ಕಾಗ್ತಿಲ್ಲ ಅಂತ ನಿಜ ಹೇಳಿದ್ದು ಆ ಪುಟದಲ್ಲಿ ಮಾತ್ರ. ಓದಿ ಅತ್ತೆ, ಆದ್ರೆ ನನ್ನ ಜೊತೆ ಒಬ್ಬ ಇದಾನೆ ಅಂತ ಅನ್ನಿಸ್ತು. ಅದನ್ನೂ ಕಿತ್ತು ಗುಬ್ಬಚ್ಚಿ ಕೂರಿಸಿದ್ರೆ ನನಗೆ ಯಾರಿದಾರೆ?"

ಕೆಜಾಯ ತನ್ನ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು.

"ಹಳೇದೇ ಹಾಕಿ," ಅಂದರು ಆಕೆ.

ಬಕ್ಲರ್ ಮೆತ್ತಗೆ ಹೇಳಿದರು: "ಬರೆದೋರು ಹೇಳಬೇಕಮ್ಮ. ನಾವು ಹಾಗೆಲ್ಲ ಮಾಡೋ ಹಾಗಿಲ್ಲ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಗ್ರೇಲಿಂಗ್ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು. ಮನೆಯಲ್ಲಿ ಹಾಸಿಗೆ ಖಾಲಿ ಕಂಡು ಊರೆಲ್ಲ ಓಡಾಡಿದ್ದರಂತೆ. ಹೆಂಡತಿಯನ್ನು ನೋಡಿದ್ದೇ ಬಾಗಿಲಿಗೆ ಒರಗಿಬಿಟ್ಟರು.

"ಈ ಮೆಟ್ಟಿಲು ನೀನು ಹತ್ತಿದೆಯಾ? ಹುಚ್ಚು ಹಿಡಿದಿದೆಯಾ ನಿನಗೆ?"

"ಹಿಡಿದಿರೋದು ನಿನಗೆ ಲೆಮ್. ಗುಬ್ಬಚ್ಚಿ ಯಾವಾಗಿಂದ ಸಾಕಿದೆ?"

ಫೆಲಿಮ್ ನಗು ತಡೆಯಲಾರದೆ ಕೆಮ್ಮಿದ. ಗ್ರೇಲಿಂಗ್ ನಗಲಿಲ್ಲ.

"ಹೊಸ ಅಂತ್ಯವೇ ಇರಲಿ," ಅಂದರು ಬಕ್ಲರಿಗೆ.

"ನಾನು ಓದಾಗಿದೆ ಕಣೋ."

"ಓದಿದ್ದನ್ನ ಮರಿ. ನಿನ್ನನ್ನ ನನ್ನ ಕೈಯಾರೆ ನಾನು ಹೂಳಲ್ಲ ಡೋರ್ಕಸ್. ಸಾವಿರ ಜನ ಓದೋ ಹಾಗೆ, ನನ್ನ ಹೆಸರು ಹಾಕಿ, ಹೂಳಲ್ಲ. ನಾನು ಬರೆದದ್ದೆಲ್ಲ ನಿಜ ಆಗ್ಬಿಟ್ರೆ?" ಕೊನೆಯ ಮಾತು ಹೇಳುವಾಗ ಅವರ ದನಿ ಒಡೆಯಿತು. ಊರನ್ನೆಲ್ಲ ಹೆದರಿಸುವ ಮನುಷ್ಯ ತನ್ನ ಚೀಟಿಗೇ ಹೆದರಿದ್ದರು.

"ಪಿಂಕ್ನಿ," ಅಂದರು ಬಕ್ಲರ್, ಗಡಿಯಾರ ನೋಡುತ್ತ. "ನಾಲ್ಕಕ್ಕೆ ಕಾಲು ಗಂಟೆ ಇದೆ. ಕೇಳಿದೆಯಲ್ಲ. ಹೊಸದನ್ನ ತಾ."

ನಾನು ಹೋದೆ. ಹೊಸ ಸಾಲುಗಳಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಡೋರ್ಕಸಮ್ಮ ನನ್ನನ್ನು ನೋಡಲಿಲ್ಲ, ತಮ್ಮ ಕೈಗಳನ್ನೇ ನೋಡಿಕೊಂಡು ಕೂತಿದ್ದರು. ಮೇಜಿಗೆ ಹತ್ತು ಹೆಜ್ಜೆ. ಒಂಬತ್ತು ಹೆಜ್ಜೆ ನಾನು ಮೂವತ್ತೊಂದು ವರ್ಷದ ಜೆರಮ್ ಪಿಂಕ್ನಿಯಾಗಿಯೇ ನಡೆದೆ. ಹತ್ತನೆಯದರಲ್ಲಿ ತಟ್ಟೆಯನ್ನು ಓರೆ ಮಾಡಿದೆ.

ಮೊಳೆ ಚೆಲ್ಲುವ ಸದ್ದು ನೀವು ಕೇಳಿರಲಾರಿರಿ. ಗೋಣಿಚೀಲ ಬಿಚ್ಚಿ ಒಣ ಬಟಾಣಿ ಸುರಿದ ಹಾಗೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ಅವಮಾನ ಇಲ್ಲ. ಹೊಸಬರು ಚೆಲ್ಲಿದರೆ ವಾರಗಟ್ಟಲೆ ಆಡಿಕೊಳ್ಳುತ್ತೇವೆ. ಮೂವತ್ತು ಸಾಲು, ಸಾವಿರಕ್ಕೂ ಮಿಕ್ಕಿ ಅಕ್ಷರ, ಡೆಸ್ಕುಗಳ ಅಡಿಗೆ, ಒಲೆಯ ಅಡಿಗೆ, ಫೆಲಿಮನ ಬೂಟಿನ ಒಳಗೆ ಉರುಳಿಹೋದವು. ಆರಿಸಿ ಮತ್ತೆ ಜೋಡಿಸಲು ಒಂದೂವರೆ ಗಂಟೆ ಬೇಕು.

"ಕೈ ಜಾರಿತು," ಅಂದೆ.

"ನಿನ್ನ ಕೈ?" ಅಂದರು ಬಕ್ಲರ್.

"ನನ್ನದೇ. ವಯಸ್ಸಾಯ್ತು."

ಬಕ್ಲರ್ ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಆಮೇಲೆ ಗ್ರೇಲಿಂಗರ ಕಡೆ ತಿರುಗಿದರು. "ಈಗ ಇರೋದು ಹಳೇ ಪುಟ ಒಂದೇ ಸ್ವಾಮಿ. ಅದನ್ನ ಕಳಿಸಲೋ, ಜಾಗ ಖಾಲಿ ಬಿಡಲೋ, ನೀವೇ ಹೇಳಿ."

ಗ್ರೇಲಿಂಗ್ ನೆಲದ ಮೇಲೆ ಮಂಡಿಯೂರಿ ಮೊಳೆಗಳನ್ನು ಬಾಚತೊಡಗಿದ್ದರು. ಒಂದು ಹಿಡಿ ಆಯಿತು. ಅದನ್ನು ನೋಡುತ್ತ ಕೂತರು. ನನ್ನನ್ನು ಹೊಡೆಯುತ್ತಾರೆ ಅಂತಲೇ ನಾನು ತಯಾರಾಗಿದ್ದೆ. ಹೊಡೆಯಲಿಲ್ಲ. ಡೋರ್ಕಸಮ್ಮ ಸ್ಟೂಲಿನಿಂದ ಇಳಿದು ಅವರ ಎದುರು ನೆಲದಲ್ಲೇ ಕೂತರು, ಅವರ ಮುಷ್ಟಿ ಬಿಡಿಸಿ ಮೊಳೆಗಳನ್ನು ನನ್ನ ಕಾಲ ಹತ್ತಿರ ಸುರಿದರು.

"ಓದು ನನಗೆ," ಅಂದರು. "ಯಾವಾಗ್ಲೂ ಓದೋ ಹಾಗೆ ಓದು."

ಕೆಜಾಯ ಕೊನೆಯ ಪುಟದ ಪ್ರೂಫ್ ತಂದು ಅವರ ಕೈಗಿಟ್ಟಳು. ಗ್ರೇಲಿಂಗ್ ಓದಿದರು. ಬೆಳಕು ಹರಿಯುವ ಹೊತ್ತಿಗೆ ಎಂಬಲ್ಲಿ ನಿಂತರು, ಆಕೆ ಕಾದರು. ಹೊದಿಕೆ ಸುಕ್ಕಾಗಿರಲಿಲ್ಲ ಎಂಬಲ್ಲಿ ನಿಂತರು, ಆಕೆ ಅವರ ಕೋಟಿನ ತೋಳು ಹಿಡಿದುಕೊಂಡರು. ಅವಳ ಕೈ ಎಂಬಲ್ಲಿ ದನಿಯೇ ಹೊರಡಲಿಲ್ಲ. ‘ತಣ್ಣಗಿತ್ತು’ ಎಂದು ಆಕೆಯೇ ಹೇಳಿದರು. ಮುಂದಿನದನ್ನು ಇಬ್ಬರೂ ಸೇರಿ ಮುಗಿಸಿದರು. ಆಮೇಲೆ ಗ್ರೇಲಿಂಗ್ ಆಕೆಯ ಮಡಿಲಲ್ಲಿ ಮುಖ ಇಟ್ಟು, ನಾವೆಲ್ಲ ನಿಂತಿದ್ದೇವೆ ಅನ್ನುವುದನ್ನೂ ಮರೆತು, ಎಷ್ಟೋ ತಿಂಗಳಿಂದ ಕಟ್ಟಿಕೊಂಡಿದ್ದನ್ನೆಲ್ಲ ಅತ್ತರು. ಡೋರ್ಕಸಮ್ಮನ ಮುಖದಲ್ಲಿ ಎಂಥ ಕಳೆ ಇತ್ತು ಅಂತೀರಿ. ನನಗೆ ಕುಣಿಯಬೇಕು ಅನ್ನಿಸಿತು.

"ಕಳಿಸಿ," ಅಂದರು ಗ್ರೇಲಿಂಗ್, ತಲೆ ಎತ್ತದೆ. ಬಕ್ಲರ್ ಪುಟವನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಕೆಳಗೆ ಕಳಿಸಿದರು. ನಾಲ್ಕಕ್ಕೆ ಇನ್ನೂ ಎರಡು ನಿಮಿಷ ಇತ್ತು.

ಹೊರಡುವಾಗ ಗ್ರೇಲಿಂಗ್ ಬೆಳಗ್ಗೆ ಮರೆತಿದ್ದ ಟೋಪಿ ತೆಗೆದುಕೊಂಡು ನನ್ನ ಮುಂದೆ ನಿಂತರು. "ನಿಮ್ಮ ಕೈ ಇನ್ನೊಂದು ಸಲ ಜಾರಿದ್ರೆ ನನ್ನ ಕಥೆ ಬೇರೆ ಕಡೆ ಒಯ್ತೀನಿ," ಅಂದರು.

"ಒಯ್ಯಿರಿ ಸ್ವಾಮಿ, ಗುಬ್ಬಚ್ಚೀನೂ ಜೊತೇಲಿ ಕರ್ಕೊಂಡು ಹೋಗಿ," ಅಂದೆ. ಅವರು ನನ್ನ ಕೈ ಹಿಡಿದು ಒಂದು ಸಲ ಒತ್ತಿ ಬಿಟ್ಟರು.

ಆಕೆಯನ್ನು ಎತ್ತಿಕೊಳ್ಳುತ್ತೇನೆ ಅಂದರು, ಆಕೆ ಬೇಡ ಅಂದರು. ತೋಳು ಹಿಡಿದುಕೊಂಡು ಇಳಿದರು. ನಾನು ಮಂಡಿಯೂರಿ ಮೊಳೆ ಆರಿಸಲು ಶುರುಮಾಡಿದೆ, ನನ್ನ ಪಕ್ಕ ಫೆಲಿಮ್, ಆಚೆ ಕೆಜಾಯ, ಕೊನೆಗೆ ಬಕ್ಲರ್ ಕೂಡ. ಮೆಟ್ಟಿಲಿನಿಂದ ಇಬ್ಬರ ದನಿಯೂ ಮೇಲೆ ಬರುತ್ತಿತ್ತು, ಎಣಿಸಿಕೊಂಡು ಇಳಿಯುತ್ತಿದ್ದರು. ಇಪ್ಪತ್ತರ ಹತ್ತಿರ ಕೆಮ್ಮು ಬಂತು, ನಿಂತರು. ನಾವೂ ಕೈ ನಿಲ್ಲಿಸಿದೆವು. ಮತ್ತೆ ಇಪ್ಪತ್ತೊಂದು, ಇಪ್ಪತ್ತೆರಡು. ನಲವತ್ತು. ನಲವತ್ತೊಂದು. ಆ ಗಳಿಗೆಯಲ್ಲಿ ನಾನು ದೇವರನ್ನು ಕೇಳಿಕೊಂಡದ್ದು ನನಗೊಬ್ಬನಿಗೇ ಗೊತ್ತು.

"ನಲವತ್ತೆರಡು," ಅಂದರು ಇಬ್ಬರೂ.

"ಅಷ್ಟೇ ಇದೆ ನೋಡು," ಅಂದರು ಡೋರ್ಕಸಮ್ಮ. "ಇನ್ನೂ ಪಕ್ಕದಲ್ಲೇ ಇದೀನಿ. ನಡಿ, ಮನೆಗೆ ಹೋಗೋಣ."